ಮುದುಕಮ್ಮನ ಮೂಗು, ಏಳನೇ ಪದರದ ಕೊಳ

ಮೆಟ್ರಿ ಹತ್ತಿರದ ಬೂದಿದಿಬ್ಬದ ಅಗೆತದಲ್ಲಿ ಮೂರು ವರ್ಷ ಉಗ್ರಾಣದ ಕೀಲಿ ನನ್ನ ಸೊಂಟದಲ್ಲಿತ್ತು. ಆ ಮೂರು ವರ್ಷದಲ್ಲಿ ಸಾಸಿವೆ ಕಾಳಿನಷ್ಟು ಚಿಪ್ಪು ಕೂಡ ತನ್ನ ಚೀಲ ಬಿಟ್ಟು ಹೊರಗೆ ಹೋಗಿಲ್ಲ, ಬರಬಾರದ್ದು ಒಳಗೆ ಬಂದಿಲ್ಲ. ವಿಜಯನಗರದ ಅರಸರಿಗೆ ನನ್ನಂಥ ಉಗ್ರಾಣಿ ಒಬ್ಬನಿದ್ದಿದ್ದರೆ ಆ ರಾಜ್ಯ ಇವತ್ತಿಗೂ ಇರುತ್ತಿತ್ತು, ನಾವೆಲ್ಲ ಹಂಪಿಗೆ ಟಿಕೆಟ್ ಇಲ್ಲದೆ ಹೋಗಿಬರುತ್ತಿದ್ದೆವು. ಇಷ್ಟನ್ನು ಮೊದಲೇ ಹೇಳಿಟ್ಟು ಮುದುಕಮ್ಮನ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಹುಟ್ಟಿದ ಕೂಸಿಗೂ ಮುದುಕಮ್ಮ ಎಂದು ಹೆಸರಿಡುತ್ತಾರೆ. ಹಾಗಾಗಿ ಈಕೆ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದಾಗಲೂ ಮುದುಕಮ್ಮ, ಐವತ್ತೈದು ದಾಟಿದಾಗಲೂ ಮುದುಕಮ್ಮ. ಹುಟ್ಟಿದ್ದು ಕಂಪ್ಲಿಯಲ್ಲಿ, ಹೊಳೆಯ ದಂಡೆಯ ಸುಣ್ಣ ಸುಡುವವರ ಮನೆಯಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದರೆ ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಚಿಪ್ಪು ಆರಿಸಲು ಇಳಿಯಬೇಕು. ಕಪ್ಪೆಚಿಪ್ಪು, ಬಸವನಹುಳುವಿನ ಚಿಪ್ಪು, ಏನು ಸಿಕ್ಕರೂ ಸರಿ, ದೊಡ್ಡದಾಗಿರಬೇಕು. ಭಟ್ಟಿಯಲ್ಲಿ ಒಂದು ಹಾಸು ಇದ್ದಿಲು, ಒಂದು ಹಾಸು ಚಿಪ್ಪು. ಕೆಳಗಿನಿಂದ ತಿದಿ ಒತ್ತಿ ಗಾಳಿ. ಬೆಂದ ಚಿಪ್ಪಿಗೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ ಒಡೆದು ಸುಣ್ಣವಾಗುತ್ತದೆ. ಆ ಸುಣ್ಣ ಎಷ್ಟು ಬಿಳಿಯೆಂದರೆ, ಅದನ್ನು ಬಳಿದ ಗೋಡೆಯ ಮುಂದೆ ಹಗಲಿನಲ್ಲಿ ನಿಂತವರಿಗೆ ತಮ್ಮ ನೆರಳು ಕಪ್ಪಾಗಿ ಅಲ್ಲ, ನಾಚಿಕೊಂಡು ಕಾಣುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಭಟ್ಟಿ ತುಂಬುವ ಮೊದಲು ಮನೆಯ ಹಿರಿಯಳು ಪ್ರತಿ ರಾಶಿಯಿಂದ ಒಂದೊಂದು ಚಿಪ್ಪು ತೆಗೆದು ಕೆಂಡದ ಮೇಲೆ ಹಾಕಿ ಮೂಸಿ ನೋಡುವುದು. ಹುಳು ಸತ್ತು ಹೆಚ್ಚು ದಿನವಾಗಿಲ್ಲದ ಚಿಪ್ಪು ಕೂದಲು ಸುಟ್ಟಂತೆ ನಾರುತ್ತದೆ, ಅದು ಹಸಿ. ಬಹಳ ಕಾಲ ಮಣ್ಣಿನಲ್ಲಿ ಬಿದ್ದದ್ದು ನಾರುವುದಿಲ್ಲ, ಸುಮ್ಮನೆ ಬೂದುಬಣ್ಣಕ್ಕೆ ತಿರುಗಿ ಕೂರುತ್ತದೆ, ಅದು ಮುದಿ. ಎರಡಕ್ಕೂ ಬೇರೆ ಬೇರೆ ಉರಿ ಬೇಕು, ಕೂಡಿ ಸುಟ್ಟರೆ ಸುಣ್ಣ ಕೆಡುತ್ತದೆ. ಮುದುಕಮ್ಮನ ಅಜ್ಜಿ ನಶ್ಯ ಏರಿಸಿ ಏರಿಸಿ ಮೂಗು ಕಳೆದುಕೊಂಡಿದ್ದರಿಂದ ಈ ಹಿರಿತನ ಏಳು ವರ್ಷದ ಮೊಮ್ಮಗಳ ಪಾಲಿಗೆ ಬಂತು. ಮುಂದಕ್ಕೆ ಆಕೆಯ ಮೂಗು ಎಷ್ಟು ಹರಿತವಾಯಿತೆಂದರೆ, ಕಂಪ್ಲಿಯಲ್ಲಿ ಕೂತು ಹೊಸಪೇಟೆಯ ಯಾವ ಖಾನಾವಳಿಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಿಬಿಡುತ್ತಿದ್ದಳು. ಉಪ್ಪಿಗೆ ವಾಸನೆ ಇಲ್ಲ ಎಂದು ವಾದಿಸುವವರು ಆಕೆಯ ಹತ್ತಿರ ಹೋಗಿ ವಾದಿಸಲಿ.

ಮದುವೆಯಾಗಿ ಮೆಟ್ರಿಗೆ ಬಂದಳು. ಗಂಡ ಜಂಬಯ್ಯನದೂ ಅದೇ ಕಸುಬು. ಮಕ್ಕಳಾದವು, ಮದುವೆಯಾಗಿ ಹೋದವು, ಭಟ್ಟಿ ಮಾತ್ರ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಸಂಡೂರಿನ ಕಬ್ಬಿಣದ ಅದಿರಿನ ಕಾಲ ಬಂತು.

ಆ ವರ್ಷಗಳನ್ನು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ಮನೆ ಬಿಟ್ಟವನು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಲಾರಿಗಳ ಕೆಂಪು ಧೂಳು ಮೆತ್ತಿ ಕಾವಿ ತೊಟ್ಟ ಸ್ವಾಮಿಯಾಗಿರುತ್ತಿದ್ದ. ನನ್ನ ಕಾಲಿಗೇ ಇಬ್ಬರು ಬಿದ್ದಿದ್ದಾರೆ, ಒಬ್ಬಳಿಗೆ ಗಂಡುಮಗು ಆಗಿದೆ. ಹೊಸ ಹೊಸ ಮನೆಗಳು ಎದ್ದವು, ಎದ್ದ ಮನೆಗೆಲ್ಲ ಡಬ್ಬಿಯ ಪೇಂಟು. ಸುಣ್ಣ ಕೇಳುವವರು ಎಲೆಅಡಿಕೆಯವರು ಮಾತ್ರ. ಜಂಬಯ್ಯ ತಿದಿ ಮೂಲೆಗಿಟ್ಟು ಸಂಡೂರಿಗೆ ಟಿಪ್ಪರ್ ತುಂಬಲು ಹೋದ. ಶನಿವಾರ ಮನೆಗೆ ಬಂದು ಆತ ಸ್ನಾನ ಮಾಡಿದ ನೀರನ್ನು ಹಾಗೇ ಹಡಗಿಗೆ ಹಾಕಿ ಚೀನಾಕ್ಕೆ ಕಳಿಸಬಹುದಿತ್ತು. ಮುದುಕಮ್ಮ ಹೋಗಲಿಲ್ಲ. “ಕೆಂಪು ಧೂಳಿಗೆ ಮೂಗು ಕೊಟ್ರ ನನ್ನ ಹತ್ರ ಉಳಿಯೂದಾದ್ರೂ ಏನು?” ಎಂದಳು. ಹದಿನೈದು ದಿನಕ್ಕೊಮ್ಮೆ ಎಲೆಯ ಸುಣ್ಣಕ್ಕೆ ಸಣ್ಣ ಭಟ್ಟಿ ಹಚ್ಚಿಕೊಂಡಿದ್ದಳು.

ಶಾಂಭವಿ ಬಂದದ್ದು ಆಗಲೇ. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ಇರುವವರ ಮಗಳು, ಬೇಕೆಂದರೆ ಫ್ಯಾನಿನ ಕೆಳಗೆ ಕೂತು ಮೂಟೆ ಎಣಿಸಬಹುದಿತ್ತು. ಈ ಹುಡುಗಿಗೆ ತನ್ನ ಡಾಕ್ಟರೇಟಿಗೆ ಬೇಕಾದದ್ದು ಹಳೇ ಬಸವನಹುಳುಗಳ ಚಿಪ್ಪು. ಮೂರೂವರೆ ಸಾವಿರ ವರ್ಷದ ಹಿಂದೆ ದನಗಾಹಿಗಳು ಸೆಗಣಿ ಗುಡ್ಡೆ ಹಾಕಿ, ಸುಟ್ಟು, ಮತ್ತೆ ಗುಡ್ಡೆ ಹಾಕಿ ಬೆಳೆಸಿದ್ದು ನಮ್ಮ ಬೂದಿದಿಬ್ಬ. ಅದರ ಪದರ ಪದರದಲ್ಲೂ ಚಿಪ್ಪು ಸಿಗುತ್ತವೆ. ಮೂವತ್ತು ವರ್ಷ ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಉಗ್ರಾಣಿಯಾಗಿ ಸೇರಿದ್ದ ನನಗೆ ಆಕೆ ಮೊದಲ ದಿನವೇ ತಿಳಿಸಿ ಹೇಳಿದಳು: “ನೋಡ್ರಿ ಅಜ್ಜಾರ, ಒಣ ನೆಲದ ಹುಳ ಒಣ ನೆಲದಾಗ ಇರ್ತೈತಿ, ನೀರಿನ ಹುಳ ನೀರಾಗ. ಯಾವ ಪದರದಾಗ ಯಾವ ಚಿಪ್ಪು ಎಷ್ಟು ಸಿಕ್ವು ಅಂತ ಎಣಿಸಿದ್ರ, ಆಗ ಇಲ್ಲಿ ಹುಲ್ಲುಗಾವಲಿತ್ತೋ ಕೆರಿ ಇತ್ತೋ, ಮಳಿ ಎಷ್ಟು ಆಗ್ತಿತ್ತು, ಎಲ್ಲಾ ಗೊತ್ತಾಗ್ತೈತಿ.” ಕಂಡಕ್ಟರನಿಗೆ ಇದು ಹೊಸದಲ್ಲ. ಯಾರು ಎಲ್ಲಿ ಹತ್ತಿದರು ಎಂದು ನೋಡಿದರೆ ಊರಿನ ಸ್ಥಿತಿ ತಿಳಿಯುವುದಿಲ್ಲವೇ?

ಜರಡಿ ಹಿಡಿಯಲು ಆಳು ಬೇಕಿತ್ತು. ಕಾಲು ಇರುವವರೆಲ್ಲ ಸಂಡೂರಿಗೆ ಹೋಗಿದ್ದರು. ಚಿಪ್ಪಿನ ಕೆಲಸ ಎಂದು ಕೇಳಿ ಮುದುಕಮ್ಮ ತಾನೇ ನಡೆದು ಬಂದಳು, ಬಂದ ಮೊದಲ ದಿನವೇ ಕೆಲಸ ಕೆಡಿಸಿದಳು. ಸಂಜೆಗೆ ಶಾಂಭವಿ ನೋಡಿದರೆ ತಟ್ಟೆಯಲ್ಲಿ ಒಡೆಯದ ದೊಡ್ಡ ಕಪ್ಪೆಚಿಪ್ಪು ಮಾತ್ರ ಸಾಲಾಗಿ ಕೂತಿವೆ.

“ದೊಡ್ಡವ್ವ, ಸಣ್ಣಾವು ಎಲ್ಲಿ?”

“ಚೆಲ್ಲಿದೆ. ಎಳ್ಳು ಕಾಳಿನಂಥಾವು, ಭಟ್ಟಿಗೆ ಬರಂಗಿಲ್ಲ ಅವು.”

ಹುಡುಗಿಗೆ ಬೇಕಾದ ಪುರಾಣವೆಲ್ಲ ಆ ಎಳ್ಳುಕಾಳಿನಲ್ಲೇ ಇತ್ತು. ಎರಡು ದಿನ ಇಬ್ಬರೂ ಚೆಲ್ಲಿದ ಮಣ್ಣಿನಲ್ಲಿ ಬಗ್ಗಿ ಕೂತು ಅವನ್ನೆಲ್ಲ ಮತ್ತೆ ಆರಿಸಿದರು. ಆ ಎರಡು ದಿನದಲ್ಲಿ ಮುದುಕಮ್ಮ ಐವತ್ತು ವರ್ಷದ ಅಭ್ಯಾಸವನ್ನು ತಲೆಕೆಳಗು ಮಾಡಿಕೊಂಡಳು. ಆಮೇಲೆ ಆಕೆಯ ಜರಡಿಯಿಂದ ಒಂದು ಚಿಪ್ಪೂ ತಪ್ಪಿಸಿಕೊಳ್ಳಲಿಲ್ಲ; ಹುಳು ತಾನೇ ಎದ್ದು ನಿಂತು ತನ್ನ ಜಾತಿ ಹೇಳಬೇಕು, ಹಾಗೆ ನೋಡುತ್ತಿದ್ದಳು.

ಮೂರನೇ ವರ್ಷದ ಜನವರಿ, ಎರಡು ಸಾವಿರದ ಏಳು. ಏಳನೇ ಪದರದ ಮಣ್ಣನ್ನು ನೀರಲ್ಲಿ ತೊಳೆದು ಸೋಸುತ್ತಿದ್ದೆವು. ಅಲ್ಲಿಯವರೆಗೆ ಆ ಪದರದಲ್ಲಿ ಸಿಕ್ಕದ್ದೆಲ್ಲ ಒಣ ನೆಲದ ಹುಳು. ಇದ್ದಕ್ಕಿದ್ದಂತೆ ಜರಡಿಯಲ್ಲಿ ಚಪ್ಪಟೆ ಸುರುಳಿಯ ಪುಟ್ಟ ಪುಟ್ಟ ಚಿಪ್ಪು ಬಂದವು. ಒಂದಲ್ಲ ಎರಡಲ್ಲ, ನಾಲ್ಕು ದಿನದಲ್ಲಿ ನೂರರ ಮೇಲೆ. ಎಲ್ಲ ನೀರಿನ ಹುಳು. ಶಾಂಭವಿ ಜರಡಿ ಹಿಡಿದುಕೊಂಡೇ ಕುಣಿದಳು. ಇಲ್ಲಿ ಕೊಳ ಇತ್ತು! ದನಗಾಹಿಗಳು ಕೊಳದ ದಂಡೆಯಲ್ಲಿ ಕೂತಿದ್ದರು! ಸಂಜೆಯೊಳಗೆ ನಾನು ಆ ಕೊಳದಲ್ಲಿ ತಾವರೆ ಅರಳಿಸಿ, ಊರಿನ ಕಟ್ಟೆಯ ಮೇಲೆ ಕೂತು ಅದರಲ್ಲಿ ಮೊಸಳೆಯನ್ನೂ ಬಿಟ್ಟಿದ್ದೆ.

ಮುದುಕಮ್ಮ ಮಾತ್ರ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, “ಇದ್ಯಾಕೋ ಸರಿ ಇಲ್ಲವ್ವ,” ಎಂದಳು. ಕುಣಿಯುವವರ ಕಿವಿಗೆ ಅದು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಪ್ರೊಫೆಸರ್ ನಾಗೇಂದ್ರಪ್ಪನವರು ಬಂದರು. ಅಗೆತಕ್ಕೆಲ್ಲ ಅವರೇ ಯಜಮಾನರು, ಶಾಂಭವಿಯ ಗುರುಗಳು. ಭೂತಗನ್ನಡಿ ಹಚ್ಚಿ ಹತ್ತು ನಿಮಿಷ ನೋಡಿದರು.

“ಇವು ಹೊಳೀತಾವಲ್ಲ ಶಾಂಭವಿ. ಮೂರೂವರೆ ಸಾವಿರ ವರ್ಷ ಬೂದ್ಯಾಗ ಹೂತಿದ್ದು ಹಿಂಗ ಹೊಳೀತೈತೇನು? ಯಾರೋ ಹೊಸಾವು ಬೆರೆಸ್ಯಾರ.”

ಸರಿಯಾಗಿ ಆ ಗಳಿಗೆಗೇ ಮುದುಕಮ್ಮ ಬರಬೇಕೆ? ಬಂದಳು. ಸೆರಗಿನಲ್ಲಿ ಏನೋ ಗಂಟು.

“ಏನಮ್ಮಾ ಅದು ಉಡ್ಯಾಗ?”

“ಚಿಪ್ಪುರೀ ಸಾಹೇಬ್ರ. ಬರೂವಾಗ ಕಾಲುವಿ ದಂಡ್ಯಾಗ ಸಿಕ್ವು. ಎಲಿ ಸುಣ್ಣಕ್ಕ.”

ಪ್ರೊಫೆಸರರ ಮುಖ ನೋಡಬೇಕಿತ್ತು. ಕಳ್ಳ ತಾನಾಗಿಯೇ ಠಾಣೆಗೆ ಬಂದು ನೀರು ಕೇಳಿದಾಗ ಫೌಜದಾರರು ಹಾಗೆ ನೋಡುತ್ತಾರೆ.

“ಉಡ್ಯಾಗ ಕಾಲುವಿ ಚಿಪ್ಪು ಕಟ್ಕೊಂಡು ಜರಡಿ ಮುಂದ ಕುಂದರ್ತೀಯಾ? ಅಲ್ಲಿಗೆ ಮುಗೀತು. ತಾನಾಗಿ ಬಿದ್ದಾವೋ, ಹುಡುಗಿ ಖುಷಿಪಡ್ಲಿ ಅಂತ ನೀನ ಹಾಕಿಯೋ, ನನಗ ಬ್ಯಾಡ. ನಾಳಿಯಿಂದ ನೀ ಬರೂದು ಬ್ಯಾಡ. ಶಾಂಭವಿ, ಈಕಿ ಕೈಯಾಗ ಹಾದುಬಂದ ಮೂರು ವರ್ಷದ ಚೀಲದ ಮ್ಯಾಲೆಲ್ಲಾ ‘ಸಂಶಯ’ ಅಂತ ಬರಿ.”

“ಸರ್, ದೊಡ್ಡವ್ವ ಹಂಗ ಮಾಡೂದಿಲ್ರೀ,” ಎಂದಳು ಶಾಂಭವಿ.

ಯಾರೂ ಕೇಳದೆಯೇ ನಾನು ಮಧ್ಯೆ ಬಾಯಿ ಹಾಕಿದೆ: “ಉಗ್ರಾಣದ ಕಡಿಂದ ಏನೂ ತಪ್ಪಾಗಿಲ್ರೀ ಸಾಹೇಬ್ರ.” ಮುದುಕಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಟನ್ನು ಬಿಗಿಯಾಗಿ ಕಟ್ಟಿಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ.

“ಸಾಹೇಬ್ರ, ಕೆಲಸ ಹೋದ್ರ ಹೋಗ್ಲಿ, ಇನ್ನೊಂದು ಸಿಗ್ತೈತಿ. ಏಳು ವರ್ಷದಾಕಿ ಇದ್ದಾಗಿಂದ ಚಿಪ್ಪು ಹಿಡಿದೀನಿ. ನನ್ನ ಕೈ ಮ್ಯಾಲ ಸಂಶಯ ಅಂತ ಬರದ್ರ ಅದನ್ನ ಯಾವ ನೀರಾಗ ತೊಳೀಲಿ? ಹೊರಗ ಹಾಕೂದು ನಾಳಿಗಂದ್ರಿ. ಇವತ್ತಿನ ದಿನ ಇನ್ನಾ ನಂದ ಐತಿ. ಒಲಿ ಮುಂದ ಬರ್ರಿ.”

ಅಡುಗೆಯ ಒಲೆಯಲ್ಲಿ ಚಹಾಕ್ಕೆ ಹಾಕಿದ್ದ ಕೆಂಡ ಹದವಾಗಿತ್ತು. ಮುದುಕಮ್ಮ ಒಲೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತಳು.

“ಒಂದು ತಟ್ಟ್ಯಾಗ ಹೋದ ವರ್ಷ ಸಿಕ್ಕಾವು ತರ್ರಿ, ಒಂದ್ರಾಗ ಈ ವಾರದ್ದು. ನೀವ ಹಾಕ್ರಿ, ಒಂದೊಂದ. ಯಾವುದು ಅಂತ ಹೇಳಬ್ಯಾಡ್ರಿ.”

ಪ್ರೊಫೆಸರ್ ನಗುತ್ತಲೇ ಮೊದಲನೆಯದನ್ನು ಹಾಕಿದರು.

“ಮುದಿ,” ಎಂದಳು.

ಎರಡನೆಯದು. “ಮುದಿ.”

ಮೂರನೆಯದು ಕೆಂಡ ಮುಟ್ಟಿ ಇನ್ನೂ ಚಟ್ ಎಂದಿರಲಿಲ್ಲ. “ಹಸಿ.”

ಹೀಗೇ ಹನ್ನೊಂದಾಯಿತು. ಒಂದೂ ತಪ್ಪಲಿಲ್ಲ. ಪ್ರೊಫೆಸರರ ನಗು ಐದನೆಯದಕ್ಕೇ ನಿಂತಿತ್ತು. ಹನ್ನೆರಡನೆಯ ಸಲ ಅವರು ಏನನ್ನೂ ಹಾಕದೆ ಬರಿಗೈಯನ್ನು ಕೆಂಡದ ಮೇಲೆ ಆಡಿಸಿದರು.

ಮುದುಕಮ್ಮ ಮೂಗು ಅರಳಿಸಿದಳು. “ಚಿಪ್ಪಿಲ್ರೀ. ಕೈಗೆ ಪೌಡರ್ ಹಚ್ಕೊಂಡೀರಿ, ಅದ ಬರಾಕತ್ತೈತಿ.”

ಶಾಂಭವಿ ನಗು ತಡೆಯಲಾರದೆ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಪ್ರೊಫೆಸರ್ ಎದ್ದು ನಿಂತರು. ಸೋಲು ಒಪ್ಪುವವರ ಹಾಗೆ ಅಲ್ಲ, ಗೆದ್ದವರ ಹಾಗೆ.

“ಮೂಗು ಖರೆ ಐತಿ, ಒಪ್ಪಿದೆ. ಆದ್ರ ನಾ ಹೇಳಿದ್ದೂ ಅದ ಅಲ್ಲೇನಮ್ಮಾ? ಅವು ಹೊಸಾವು ಅಂತ ಈಗ ನೀನ ತೋರಿಸಿದಿ.”

“ಹೊಸಾವು ಅನ್ನೂದು ಖರೆ. ನಾ ತಂದೆ ಅನ್ನೂದು ಸುಳ್ಳು,” ಎಂದು ಮುದುಕಮ್ಮ ಉಡಿಯ ಗಂಟು ಬಿಚ್ಚಿ ನೆಲಕ್ಕೆ ಸುರಿದಳು. ಅಂಗೈಯಗಲದ ಕಪ್ಪೆಚಿಪ್ಪುಗಳು. ಸಣ್ಣದೆಂದರೆ ರೂಪಾಯಿ ಬಿಲ್ಲೆಗಿಂತ ದೊಡ್ಡದು. “ಇದ್ರಾಗ ಒಂದಾದ್ರೂ ಎಳ್ಳುಕಾಳು ಹುಡುಕಿ ತೋರಿಸ್ರಿ. ಅಂಥಾವ್ನ ಯಾವ ಸುಣ್ಣದಾಕೀನೂ ಮುಟ್ಟೂದಿಲ್ಲ. ಭಟ್ಟಿಗೆ ಹಾಕಿ ತಿದಿ ಒತ್ತಿದ್ರ ಹಾರಿ ಬಂದು ನಮ್ಮ ಕಣ್ಣಾಗ ಬೀಳ್ತಾವ.”

“ಹೌದ್ರೀ ಸರ್! ಮೊದಲ್ನೇ ದಿನ ಸಣ್ಣಾವನ್ನೆಲ್ಲಾ ಚೆಲ್ಲಿಬಿಟ್ಟಿದ್ಲು. ನಾನ ಎರಡು ದಿನ ಆರಿಸೀನಿ,” ಎಂದಳು ಶಾಂಭವಿ. ತನ್ನ ತಪ್ಪನ್ನು ಯಾರೋ ಇಷ್ಟು ಪ್ರೀತಿಯಿಂದ ನೆನೆಸಿಕೊಂಡದ್ದಕ್ಕೆ ಮುದುಕಮ್ಮ ತಲೆಯಾಡಿಸಿದಳು.

“ಹಂಗಾರ ಎಲ್ಲಿಂದ ಬಂದ್ವು?” ಎಂದರು ಪ್ರೊಫೆಸರ್.

ಮುದುಕಮ್ಮ ತಟ್ಟೆಯಿಂದ ಒಂದು ಪುಟ್ಟ ಚಿಪ್ಪು ತೆಗೆದು ಉಗುರಿನಿಂದ ಮುರಿದಳು. ಒಳಗೆ ಹುಳು ಇನ್ನೂ ಮೆತ್ತಗಿತ್ತು. “ವಾರಾನೂ ಆಗಿಲ್ಲ ಇದು ಸತ್ತು. ಮಣ್ಣಿಂದ ಬಂದಿಲ್ಲ, ನೀರಿಂದ ಬಂದೈತಿ.” ಹಾಗೆಂದು ಎದ್ದು, ಮಣ್ಣು ತೊಳೆಯುವ ನೀರಿನ ಡ್ರಮ್ಮಿನ ಕಡೆ ನಡೆದಳು.

ನಾನು ಎಲ್ಲರಿಗಿಂತ ನಾಲ್ಕು ಹೆಜ್ಜೆ ಹಿಂದೆ ಉಳಿದೆ. ಇದು ನನಗೆ ಮೊದಲೇ ಹೊಳೆದಿರಲಿಲ್ಲ ಎಂದರೆ ನೀವು ನನ್ನನ್ನು ದಡ್ಡ ಎನ್ನುತ್ತೀರಿ, ಹೊಳೆದಿತ್ತು ಎಂದರೆ ಅದಕ್ಕಿಂತ ಕೆಟ್ಟ ಮಾತು ಹೇಳುತ್ತೀರಿ. ದಡ್ಡ ಎಂದೇ ಇಟ್ಟುಕೊಳ್ಳೋಣ.

ಆಕೆ ಡ್ರಮ್ ವಾಲಿಸಿ ನೀರೆಲ್ಲ ಚೆಲ್ಲಿ, ತಳದ ಬಗ್ಗಡವನ್ನು ಬಿಳಿ ಬಟ್ಟೆಯ ಮೇಲೆ ಹರವಿದಳು. ಚಪ್ಪಟೆ ಸುರುಳಿಯ ಎಳ್ಳುಕಾಳುಗಳು. ನಾವು ನೋಡುತ್ತಿದ್ದಂತೆಯೇ ಅದರಲ್ಲಿ ನಾಲ್ಕೈದು ಕೋಡು ಹೊರಗೆ ಚಾಚಿ ಬಟ್ಟೆಯ ಮೇಲೆ ನಡೆಯತೊಡಗಿದವು. ಶಾಂಭವಿಯ ಕೊಳ ಜೀವಂತವಾಗಿ ಹರಿದಾಡುತ್ತಿತ್ತು.

“ಅಜ್ಜಾರ,” ಎಂದಳು ಶಾಂಭವಿ. “ಇದು ಬೋರಿನ ನೀರಲ್ಲೇನ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಮಣ್ಣು ತೊಳೆಯಲು ಬೋರಿನ ನೀರೇ ಆಗಬೇಕು, ಅದನ್ನೂ ದಪ್ಪ ಬಟ್ಟೆಯಲ್ಲಿ ಸೋಸಬೇಕು ಎಂದು ಶಾಂಭವಿ ಮೂರು ವರ್ಷದ ಹಿಂದೆಯೇ ಕಟ್ಟುನಿಟ್ಟಾಗಿ ಹೇಳಿದ್ದಳು. ನೀರಿನ ಜವಾಬ್ದಾರಿ ಉಗ್ರಾಣಿಯದು. ಆದರೆ ನಮಗೆ ಬೋರಿನ ನೀರು ತಂದು ಹಾಕುತ್ತಿದ್ದ ಟ್ಯಾಂಕರ್, ಲಾರಿ ಓಡಾಡುವ ರಸ್ತೆಗೆ ಧೂಳು ಏಳದಂತೆ ನೀರು ಹೊಡೆಯಲು ಸಂಡೂರಿಗೆ ಹೋಗಿಬಿಟ್ಟಿತ್ತು. ಆ ಕಾಲದಲ್ಲಿ ನಮ್ಮ ಕಡೆ ಮನುಷ್ಯರಿಗಿಂತ ರಸ್ತೆಗೆ ಬಾಯಾರಿಕೆ ಹೆಚ್ಚು. ಕಾಲುವೆ ಇನ್ನೂರು ಹೆಜ್ಜೆ. ಎತ್ತಿನ ಗಾಡಿಯಲ್ಲಿ ಡ್ರಮ್ ಇಟ್ಟು ತುಂಬಿಸಿಕೊಂಡು ಬಂದೆ. ನೀರು ನೀರೇ ತಾನೆ?

“ಎಷ್ಟು ದಿನ ಆತು?” ಎಂದರು ಪ್ರೊಫೆಸರ್.

“ಐದ ದಿನ್ರೀ.”

“ಸೋಸಿದ್ದು?”

“ಬಟ್ಟಿ ಐತ್ರೀ,” ಎಂದೆ. ಬಟ್ಟೆ ಎಲ್ಲಿದೆ ಎಂದು ಅವರು ಕೇಳಲಿಲ್ಲ. ಬಿಸಿಲಿಗೆಂದು ಅದನ್ನು ನಾನು ತಲೆಗೆ ಸುತ್ತಿಕೊಂಡಿದ್ದೆ, ಎಲ್ಲರಿಗೂ ಕಾಣುತ್ತಿತ್ತು.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮುದುಕಮ್ಮನ ಎದುರಿಗೆ ಹೋಗಿ ನಿಂತರು. “ತಪ್ಪಾತಮ್ಮಾ,” ಎಂದರು. ಅಗೆತದ ಆಳುಗಳೆಲ್ಲ ಅಲ್ಲೇ ಇದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ದೊಡ್ಡ ಮನುಷ್ಯ ಎನ್ನುತ್ತೇನೆ.

“ನಾಳಿಗೆ ಬರ್ಲ್ಯೋ ಬ್ಯಾಡೋ ಸಾಹೇಬ್ರ?”

“ಬಾರಮ್ಮಾ.”

“ಚೀಲದ ಮ್ಯಾಲ ಬರ್ಯೂದು?”

“ಬರ್ಯೂದಿಲ್ಲ. ಈ ಐದು ದಿನದ್ದಷ್ಟ ತಗದು ಹಾಕ್ತೀವಿ.”

“ಹಂಗಾದ್ರ ಚಹಾ ಕುಡೀರಿ, ಕೆಂಡ ಇನ್ನಾ ಐತಿ,” ಎಂದು ಮುದುಕಮ್ಮ ತನ್ನ ಕಪ್ಪೆಚಿಪ್ಪುಗಳನ್ನು ಉಡಿಗೆ ಆರಿಸಿಕೊಳ್ಳತೊಡಗಿದಳು. ಪ್ರೊಫೆಸರೂ ಬಗ್ಗಿ ಎರಡು ಆರಿಸಿಕೊಟ್ಟರು.

ಕೊಳ ಬತ್ತಿತು. ಅದರೊಂದಿಗೆ ನನ್ನ ತಾವರೆ, ಮೊಸಳೆ ಕೂಡ. ಎರಡು ದಿನ ಶಾಂಭವಿ ಮಂಕಾಗಿದ್ದಳು. “ಏನೂ ಇರ್ಲಿಲ್ಲ ದೊಡ್ಡವ್ವ ಇಲ್ಲಿ. ಇದ ಬಿಸಿಲು, ಇದ ಮುಳ್ಳುಕಂಟಿ, ಇದ ಹುಲ್ಲು. ಆಗಲೂ ಹಿಂಗ ಒಣಾ ನೆಲ.”

“ಒಣಾ ನೆಲದಾಗ ಅಷ್ಟು ದನಾ ಸಾಕಿ, ಇಷ್ಟೆತ್ತರ ಬೂದಿ ಮಾಡ್ಯಾರಲ್ಲವ್ವ. ಕೊಳದ ದಂಡ್ಯಾಗ ಕುಂತಾವ್ರಿಗಿಂತ ಇವ್ರು ಶಾಣ್ಯಾರಲ್ಲೇನು? ಅದನ್ನ ಬರಿ.”

ಹುಡುಗಿ ಅದನ್ನೇ ಬರೆದಳು, ಡಾಕ್ಟರೂ ಆದಳು. ಒಣ ನೆಲದಲ್ಲಿ ಆ ದನಗಾಹಿಗಳು ಎಲ್ಲಿ ನೀರು ಹುಡುಕಿ, ಯಾವ ತಿಂಗಳು ಎಲ್ಲಿ ದನ ಹೊಡೆದುಕೊಂಡು ಹೋಗಿರಬಹುದು ಎಂದು ಎಳ್ಳುಕಾಳು ಚಿಪ್ಪಿನಿಂದಲೇ ಒಂದು ಅಧ್ಯಾಯ ತೆಗೆದಿದ್ದಾಳೆ. ಕೆಂಡದ ಪರೀಕ್ಷೆಗೆ ಅದರಲ್ಲಿ ಎರಡು ಪುಟ ಇದೆ, ಆ ಪುಟಗಳಲ್ಲಿ ಮುದುಕಮ್ಮನ ಹೆಸರಿದೆ, ಊರೂ ಇದೆ. ಆಕೆ ಈಗ ಜರಡಿಯವರಿಗೆಲ್ಲ ಮೇಲಿನವಳು. ಹೊರಗಿನಿಂದ ಬಂದ ವಿದ್ಯಾರ್ಥಿಗಳು ಒಲೆಯ ಸುತ್ತ ಕೂತು ಮೂಗು ಅರಳಿಸುವುದನ್ನು ಕಲಿಯುತ್ತಾರೆ. ಕಲಿತವರಿಗೆ ಮಾತ್ರ ಚಹಾ.

ಹೋದ ವಾರ ಆಕೆಯ ಮನೆಯ ಮುಂದೆ ಹಾದುಹೋಗುವಾಗ ಕಟ್ಟೆಯ ಮೇಲೆ ಕೂತೆ. ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು. ಸುಮ್ಮನೆ ಇರಲಾರದೆ ಹೇಳಿದೆ: “ಮುದುಕಮ್ಮ, ಏನ ಅನ್ನು. ಅವತ್ತು ನಾ ಕಾಲುವಿ ನೀರು ತರದಿದ್ರ ನಿನ್ನ ಮೂಗಿನ ಹೆಸರು ಮೆಟ್ರಿ ದಾಟ್ತಿರ್ಲಿಲ್ಲ. ನಿನ್ನನ್ನ ಮುಂದಕ್ಕ ತಂದಾವ ನಾನ.”

ಮುದುಕಮ್ಮ ಬೆರಳಿನ ಸುಣ್ಣವನ್ನು ಕಲ್ಲಿಗೆ ಒರೆಸಿದಳು.

“ಹೌದ್ರೀ ಅಯ್ನೋರ. ನೀವು ಬಾವ್ಯಾಗ ದೂಡಿದ್ದಕ್ಕ ನನಗ ಈಜು ಬರ್ತೈತಂತ ಊರಿಗೆ ಗೊತ್ತಾತು. ಮುಂದಿನ ಸಲ ನೀವ ಬೀಳ್ರಿ. ದಂಡ್ಯಾಗ ನಿಂತು ನಾನೂ ನಿಮ್ಮನ್ನ ಹೊಗಳ್ತೀನಿ.”